ಭಾವ ಹೋಗುತ್ತಿರುವುದು ಯಾವ ಖಂಡಕ್ಕೆ?

ಅಕ್ಕ, ಭಾವ ಇಸ್ತಾಂಬುಲ್‌ಗೆ ಹೊರಟಿದ್ದಾರೆ. ಪ್ರಯಾಣದ ಇನ್ಶೂರೆನ್ಸ್ ಫಾರಂ ತುಂಬುವ ಕೆಲಸ ನನ್ನ ತಲೆಗೆ ಬಂತು. ಹೆಸರು, ವಯಸ್ಸು, ಭಾವನ ಶುಗರ್, ಎಲ್ಲಾ ಸಲೀಸಾಗಿ ಮುಗಿಯಿತು. ಆಮೇಲೆ ಬಂತು ನೋಡಿ ಪ್ರಶ್ನೆ: ಯಾವ ಖಂಡ? ಏಷ್ಯಾ ಆದರೆ ಕಮ್ಮಿ ದುಡ್ಡು, ಯುರೋಪ್ ಆದರೆ ಜಾಸ್ತಿ.

"ಸುಮ್ನೆ ಏಷ್ಯಾ ಒತ್ತೋ" ಎಂದಳು ಅಕ್ಕ, ಅವರೆಕಾಯಿ ಸುಲಿಯುತ್ತಾ.

ಒತ್ತಬಹುದಿತ್ತು. ಆದರೆ ಇವರು ಇಳಿಯುವ ಏರ್‌ಪೋರ್ಟ್ ಇರುವುದು ಯುರೋಪ್ ಕಡೆ, ಬುಕ್ ಮಾಡಿರುವ ಹೋಟೆಲ್ ಕಡಿಕೊಯ್‌ನಲ್ಲಿ, ಅಂದರೆ ಏಷ್ಯಾ ಕಡೆ. ಮಧ್ಯೆ ಬಾಸ್ಫರಸ್ ನೀರು. 2013ರಿಂದ ಅದರ ಅಡಿಯಲ್ಲೇ ರೈಲು ಓಡುತ್ತಿದೆ, ಕೆಲವೇ ನಿಮಿಷಕ್ಕೆ ಖಂಡ ಬದಲು. ಅಷ್ಟು ಹೊತ್ತಿನಲ್ಲಿ ನಾವು ಗೊರಗುಂಟೆಪಾಳ್ಯದ ಸಿಗ್ನಲ್ ಕೂಡ ದಾಟಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. "ಸರ್, ಟರ್ಕಿ ನಮ್ ಸಿಸ್ಟಂನಲ್ಲಿ ಎರಡೂ ಕಡೆ ತೋರಿಸ್ತಿದೆ, ನಿಮಗೆ ಯಾವ್ದು ಅನುಕೂಲ ಅದು ಹಾಕಿ" ಎಂದ ಹುಡುಗ. ಪಾಪ, ಅವನಿಗೇ ಗೊತ್ತಿಲ್ಲದೆ ಭೂಗೋಳದ ಅಸಲಿ ಸೂತ್ರ ಹೇಳಿಬಿಟ್ಟ.

ಟರ್ಕಿಯ ನೆಲದಲ್ಲಿ ಯುರೋಪಿಗೆ ಸೇರಿದ್ದು ನೂರಕ್ಕೆ ಮೂರು ಪಾಲು. ಫುಟ್‌ಬಾಲ್ ಮಾತ್ರ ಪೂರ್ತಿ ಯುರೋಪಿನ ಲೆಕ್ಕ. 1987ರಲ್ಲಿ ಟರ್ಕಿ, ಮೊರಾಕೊ ಎರಡೂ ಯುರೋಪಿನ ಒಕ್ಕೂಟಕ್ಕೆ ಅರ್ಜಿ ಹಾಕಿದವು. ಮೊರಾಕೊಗೆ ನೀನು ಯುರೋಪಿನವನೇ ಅಲ್ಲಪ್ಪ ಅಂದು ಕಳಿಸಿದರು. ಟರ್ಕಿಗೆ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ, ಹೆಣ್ಣು ನೋಡಿ ಹೋದವರು ಆಮೇಲೆ ತಿಳಿಸ್ತೀವಿ ಅಂದ ಹಾಗೆ ಇನ್ನೂ ಕಾಯಿಸುತ್ತಿದ್ದಾರೆ. ಅದೇ ಟರ್ಕಿಯ ದಕ್ಷಿಣಕ್ಕಿರುವ ಸೈಪ್ರಸ್ 2004ರಲ್ಲಿ ಆರಾಮಾಗಿ ಒಳಗೆ ಹೋಯಿತು. ಭೂಪಟ ನೋಡಿದರೆ ಅದು ಏಷ್ಯಾದ ದ್ವೀಪ. ನೋಡಬೇಡಿ, ಅಷ್ಟೇ.

ಇನ್ನು ಆಸ್ಟ್ರೇಲಿಯಾ. ಅದು ತಾನೇ ಒಂದು ಖಂಡ, ಅಲ್ವಾ? ಆದರೂ 2006ರಲ್ಲಿ ಫುಟ್‌ಬಾಲಿಗಾಗಿ ಏಷ್ಯಾ ಸೇರಿತು. 2015ರಲ್ಲಿ ಏಷ್ಯಾ ಕಪ್ ತನ್ನ ಮನೆಯಲ್ಲೇ ನಡೆಸಿ ತಾನೇ ಗೆದ್ದಿತು, ಬಾಡಿಗೆಗೆ ಬಂದವರು ಓನರ್ ಮನೆ ಬೆಳ್ಳಿ ತಟ್ಟೆ ಎತ್ತಿಕೊಂಡು ಹೋದ ಹಾಗೆ. ಅದೇ ವರ್ಷ ಯುರೋಪಿನವರ ಹಾಡಿನ ಸ್ಪರ್ಧೆ ಯುರೋವಿಷನ್‌ಗೂ ಹೋಗಿ ಹಾಡಿ ಬಂತು!

ಇದನ್ನೆಲ್ಲ ಹೇಳಿದರೆ ಭಾವನಿಗೆ ಒಂಚೂರೂ ಆಶ್ಚರ್ಯವಿಲ್ಲ. ಅವರ ಊರು ಚನ್ನಪಟ್ಟಣ. ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಗ್ರಾಮಾಂತರದವರಾದರು, 2007ರಲ್ಲಿ ರಾಮನಗರದವರು, 2025ರಲ್ಲಿ ಬೆಂಗಳೂರು ದಕ್ಷಿಣದವರು. ಅಷ್ಟು ವರ್ಷದಲ್ಲಿ ಮನೆ ಮುಂದಿನ ತೆಂಗಿನಮರ ಒಂದಿಂಚೂ ಕದಲಿಲ್ಲ. ಜಯನಗರದಲ್ಲಿರುವ ನಾನೂ ಲೋಕಸಭೆ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣ, ಅರವತ್ತು ಕಿಲೋಮೀಟರ್ ಆಚೆಯ ಅವರ ತೋಟವೂ ಬೆಂಗಳೂರು ದಕ್ಷಿಣ. ಕೊರಿಯರ್ ಹುಡುಗ ಕೇಳಿದರೆ ಏನು ಹೇಳುತ್ತಾರೆ ಅಂದೆ. "ಬಸ್ ಸ್ಟ್ಯಾಂಡ್ ಹತ್ರ ಬಾ ಅಂತೀನಿ" ಎಂದರು.

ಕೊನೆಗೆ ಫಾರಂ ಕೂಡ ಅವರೇ ತೀರ್ಮಾನ ಮಾಡಿದರು.

"ಏಷ್ಯಾನೇ ಹಾಕಯ್ಯ. ಹುಷಾರು ತಪ್ಪಿದ್ರೆ ರೈಲು ಹತ್ತಿ ಹೋಟೆಲ್ ಕಡೆ ಬಂದು ಮಲಗ್ತೀನಿ."