ಅಳಿಸಿದ ಸಾಲಿನ ಅಪ್ಪಣೆಯಂತೆ

ಸಂವಿಧಾನವನ್ನು ಯಾರೂ ಪಾಲಿಸುವುದಿಲ್ಲ ಅಂತ ಗೊಣಗುವವರಿಗೆ ಒಂದು ಸಮಾಧಾನದ ಸುದ್ದಿ ಇದೆ. ಸಂವಿಧಾನದಲ್ಲಿ ಇಲ್ಲವೇ ಇಲ್ಲದ ಒಂದು ಸಾಲನ್ನು ನಮ್ಮ ಸರ್ಕಾರಗಳು ಪಕ್ಷಭೇದ ಮರೆತು, ಚಾಚೂ ತಪ್ಪದೆ ಪಾಲಿಸುತ್ತಿವೆ. ಇಷ್ಟು ನಿಷ್ಠೆ ಸಂವಿಧಾನದಲ್ಲಿ ಇರುವ ಸಾಲುಗಳಿಗೂ ಸಿಕ್ಕಿಲ್ಲ.

ಆ ಸಾಲು 1948ರ ಕರಡು ಸಂವಿಧಾನದಲ್ಲಿತ್ತು. 145ನೇ ವಿಧಿ, ವಿಷಯ ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರು, ಚುಟುಕಾಗಿ ಎಜಿ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ರಾಜ್ಯದ ಅಡ್ವೊಕೇಟ್ ಜನರಲ್ ಕೂಡ ನಿವೃತ್ತರಾಗಬೇಕು, ಹೊಸಬರು ಬರುವ ತನಕ ಅಥವಾ ತಮ್ಮನ್ನೇ ಮತ್ತೆ ನೇಮಿಸುವ ತನಕ ಕೂತಿರಬಹುದು ಅಂತ ಅದರಲ್ಲಿ ಬರೆದಿತ್ತು. 1949ರಲ್ಲಿ ಸಂವಿಧಾನ ಸಭೆ ಆ ಸಾಲನ್ನು ತೆಗೆದುಹಾಕಿತು. ಅದರ ಜಾಗದಲ್ಲಿ, ರಾಜ್ಯಪಾಲರ ಇಚ್ಛೆ ಇರುವಷ್ಟು ದಿನ ಇವರು ಅಧಿಕಾರದಲ್ಲಿ ಇರಬಹುದು ಅಂತ ಬರೆಯಿತು. ಅದೇ ಇವತ್ತಿನ 165ನೇ ವಿಧಿ. ಮುಖ್ಯಮಂತ್ರಿಯ ಕುರ್ಚಿಗೂ ಎಜಿ ಕುರ್ಚಿಗೂ ಕಟ್ಟಿದ್ದ ಹಗ್ಗವನ್ನು ಹಿರಿಯರು ಹೀಗೆ ಬಿಚ್ಚಿದರು. ನಾವು ಅದನ್ನು ಹುಡುಕಿ ತಂದು ಮತ್ತೆ ಕಟ್ಟಿಕೊಂಡೆವು. ಈ ಸಲ ಗಂಟು ಜಾಸ್ತಿ ಬಿಗಿ.

ಕರ್ನಾಟಕವನ್ನೇ ನೋಡಿ. 2013ರಲ್ಲಿ ಸರ್ಕಾರ ಬದಲಾಯಿತು, ಎಜಿ ಬದಲಾದರು. 2018ರಲ್ಲಿ ಬದಲಾಯಿತು, ಬದಲಾದರು. 2019ರಲ್ಲೂ ಅಷ್ಟೇ, 2023ರಲ್ಲೂ ಅಷ್ಟೇ. ರಾಜ್ಯ ಅದೇ, ಸಂವಿಧಾನ ಅದೇ, ಕೇಸಿನ ನಂಬರ್ ಕೂಡ ಅದೇ. ಕಾನೂನಿನ ಬಗ್ಗೆ ರಾಜ್ಯಕ್ಕಿದ್ದ ಅಭಿಪ್ರಾಯ ಮಾತ್ರ ಮತ ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೇರೆ ಆಗಿರುತ್ತದೆ. ಹಳೆಯ ಸರ್ಕಾರದ ಆದೇಶವನ್ನು ಏಪ್ರಿಲ್‌ನಲ್ಲಿ "ಜನಹಿತದ ಐತಿಹಾಸಿಕ ನಿರ್ಧಾರ" ಅಂತ ಸಮರ್ಥಿಸಿದ ರಾಜ್ಯವೇ, ಜೂನ್‌ನಲ್ಲಿ ಅದೇ ಪೀಠದ ಮುಂದೆ ನಿಂತು "ಇದನ್ನು ಮರುಪರಿಶೀಲಿಸುತ್ತಿದ್ದೇವೆ, ಕಾಲಾವಕಾಶ ಬೇಕು" ಅನ್ನುತ್ತದೆ. ನ್ಯಾಯಮೂರ್ತಿಗಳು ಕನ್ನಡಕದ ಮೇಲಿಂದ ಒಮ್ಮೆ ನೋಡಿ ನಾಲ್ಕು ವಾರ ಕೊಡುತ್ತಾರೆ. ಪಾಪ, ಅವರಿಗೂ ಅಭ್ಯಾಸ ಆಗಿದೆ.

ಪಂಜಾಬಿನವರು ಇದನ್ನು ಒಂದು ಕಲೆಯ ಮಟ್ಟಕ್ಕೆ ಒಯ್ದರು. 2021ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಇಳಿದರು, ಅವರ ಜೊತೆಗೇ ಎಜಿ ಇಳಿದರು. ಹೊಸ ಮುಖ್ಯಮಂತ್ರಿ ಹೊಸ ಎಜಿಯನ್ನು ತಂದರು. ಆ ಹೆಸರು ಸ್ವಂತ ಪಕ್ಷದ ರಾಜ್ಯಾಧ್ಯಕ್ಷರಿಗೇ ಹಿಡಿಸಲಿಲ್ಲ, ಜಗಳ ಬೀದಿಗೆ ಬಂತು. ನವೆಂಬರ್‌ನಲ್ಲಿ ಆ ಎಜಿಯೂ ಹೋಗಿ ಇನ್ನೊಬ್ಬರು ಬಂದರು. 2022ರ ಮಾರ್ಚ್‌ನಲ್ಲಿ ಸರ್ಕಾರವೇ ಹೋಯಿತು, ನಾಲ್ಕನೆಯವರು ಬಂದರು. ಮಳೆಗಾಲ ಮುಗಿಯುವ ಮೊದಲೇ ಐದನೆಯವರೂ ಬಂದರು. ಒಂದು ವರ್ಷ ತುಂಬುವ ಮೊದಲೇ ಒಂದು ರಾಜ್ಯ ಐದು ಮುಖ್ಯ ಕಾನೂನು ಅಧಿಕಾರಿಗಳನ್ನು ಕಂಡಿತು. ಬಾಗಿಲಿನ ನಾಮಫಲಕ ಬರೆಯುವವನನ್ನು ಕಾಯಂ ನೌಕರ ಮಾಡಿಕೊಂಡಿದ್ದರೆ ಬೊಕ್ಕಸಕ್ಕೆ ಸ್ವಲ್ಪ ಉಳಿತಾಯ ಆಗುತ್ತಿತ್ತು.

ಉತ್ತರ ಪ್ರದೇಶಕ್ಕೆ ಒಬ್ಬೊಬ್ಬರನ್ನೇ ಬದಲಿಸುವ ತಾಳ್ಮೆ ಇರಲಿಲ್ಲ. 1990ರ ಫೆಬ್ರುವರಿಯಲ್ಲಿ ಒಂದೇ ಸುತ್ತೋಲೆ ಹೊರಡಿಸಿ, ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಆ ತಿಂಗಳ ಕೊನೆಗೆ ಮನೆಗೆ ಹೋಗಿ ಅಂದಿತು. ಯಾರು ಚೆನ್ನಾಗಿ ವಾದ ಮಾಡುತ್ತಾರೆ, ಯಾರು ತೂಕಡಿಸುತ್ತಾರೆ ಅನ್ನುವ ತಾರತಮ್ಯವೇ ಇಲ್ಲ. ಸಾಮಾಜಿಕ ಸಮಾನತೆ ಅಂದರೆ ಇದು! ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿ, ಹೀಗೆ ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ ಅಂತ ಹೇಳಬೇಕಾಯಿತು.

ಈ ಹುದ್ದೆ ಹುಟ್ಟಿದಾಗಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಲ್ಲಿ ಅಡ್ವೊಕೇಟ್ ಜನರಲ್ ಇದ್ದರು. ಬಹಳ ಕಾಲ ಅದು ಬಿಳಿಯರ ಕುರ್ಚಿ. ಮದ್ರಾಸಿನಲ್ಲಿ ಆ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂತ ಮೊದಲ ಭಾರತೀಯ ಭಾಷ್ಯಂ ಅಯ್ಯಂಗಾರ್, ಅದೂ 1890ರ ದಶಕದ ಕೊನೆಯಲ್ಲಿ. ಆಮೇಲೆ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಬಂದರು. 1929ರಿಂದ 1944ರ ತನಕ ಅವರೇ ಮದ್ರಾಸಿನ ಎಜಿ. ಆ ಅವಧಿಯಲ್ಲಿ ಜಸ್ಟಿಸ್ ಪಕ್ಷದ ಮಂತ್ರಿಮಂಡಲ ಬಂತು, ಹೋಯಿತು. 1937ರಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ ಬಂತು, ಯುದ್ಧ ಶುರುವಾದ ಮೇಲೆ ಅದೂ ಹೋಯಿತು. ಅಲ್ಲಾಡಿ ಮಾತ್ರ ಕೂತಲ್ಲೇ ಕೂತಿದ್ದರು. ಇದೇ ಅಲ್ಲಾಡಿ ಆಮೇಲೆ ಸಂವಿಧಾನದ ಕರಡು ಸಮಿತಿಯ ಸದಸ್ಯರಾದರು ಅನ್ನುವುದನ್ನು ಇಲ್ಲಿ ಸುಮ್ನೆ ನೆನಪಿಸಿದೆ. ಬ್ರಿಟಿಷರ ಕಾಲ ಚೆನ್ನಾಗಿತ್ತು ಅಂತ ಹಾಡಿ ಹೊಗಳುವುದಕ್ಕೆ ಇದನ್ನು ಹೇಳುತ್ತಿಲ್ಲ. 1935ರ ಕಾಯ್ದೆಯಲ್ಲಿ ಎಜಿಯನ್ನು ನೇಮಿಸುವುದು, ತೆಗೆಯುವುದು ಎರಡನ್ನೂ ಗವರ್ನರ್ ತಮ್ಮ ಸ್ವಂತ ವಿವೇಚನೆಯಿಂದ ಮಾಡಬೇಕಿತ್ತು, ಆ ವಿವೇಚನೆ ಯಾರ ಹಿತಕ್ಕಾಗಿ ಕೆಲಸ ಮಾಡುತ್ತಿತ್ತು ಅಂತ ಎಲ್ಲರಿಗೂ ಗೊತ್ತು. ಆದರೆ ಸ್ವಾತಂತ್ರ್ಯ ಬಂದ ಮೇಲೂ ಸಂವಿಧಾನ ತಜ್ಞ ಎಚ್.ಎಂ. ಸೀರ್‌ವಾಯಿ 1957ರಿಂದ 1974ರ ತನಕ, ಹದಿನೇಳು ವರ್ಷ, ಮುಂಬೈಯಲ್ಲಿ ಆ ಕುರ್ಚಿಯಲ್ಲಿದ್ದರು. ಇವತ್ತು ಹದಿನೇಳು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಎಜಿ ಯಾರಾದರೂ ಇದ್ದರೆ ಅವರ ಮೇಲೆ ತನಿಖೆಗೇ ಆದೇಶ ಆಗುತ್ತದೆ.

ಅಷ್ಟಕ್ಕೂ ಇವರ ಕೆಲಸ ಏನು? 165ನೇ ವಿಧಿ ಹೇಳುವುದು ಸರಳ. ಕೇಳಿದಾಗ ಸರ್ಕಾರಕ್ಕೆ ಕಾನೂನು ಸಲಹೆ ಕೊಡಬೇಕು, ವಹಿಸಿದ ಕಾನೂನಿನ ಕೆಲಸ ಮಾಡಬೇಕು. ಹೈಕೋರ್ಟ್ ನ್ಯಾಯಮೂರ್ತಿ ಆಗುವಷ್ಟು ಅರ್ಹತೆ ಇರಬೇಕು. ಸಲಹೆಯನ್ನು ಸರ್ಕಾರ ಕೇಳಲೇಬೇಕು ಅಂತ ಎಲ್ಲೂ ಬರೆದಿಲ್ಲ. ಈ ಒಂದು ಸಣ್ಣ ಸೌಲಭ್ಯದಿಂದಲೇ ನಮ್ಮ ಆಡಳಿತದ ಅತಿ ದೊಡ್ಡ ಸಂಶೋಧನೆ ಹುಟ್ಟಿದ್ದು. ಅದರ ಹೆಸರು "ಎಜಿ ಅಭಿಪ್ರಾಯ ಕೇಳಿದ್ದೇವೆ".

ಪತ್ರಕರ್ತರು ಮೈಕ್ ಹಿಡಿದು ಓಡುತ್ತಾರೆ. "ಸಾರ್, ಆ ನೇಮಕಾತಿ ಹಗರಣದ ವರದಿ ಏನಾಯ್ತು?" ಮಂತ್ರಿಗಳು ಕಾರಿನ ಬಾಗಿಲು ಹಿಡಿದು ನಿಲ್ಲುತ್ತಾರೆ. "ನೋಡ್ರೀ, ಎಜಿ ಅಭಿಪ್ರಾಯ ಕೇಳಿದ್ದೇವೆ." "ಯಾವಾಗ ಬರುತ್ತೆ ಸಾರ್?" "ಅದು ಕಾನೂನಿನ ವಿಷಯ. ನಾವು ಹಸ್ತಕ್ಷೇಪ ಮಾಡೋದಿಲ್ಲ." ಬಾಗಿಲು ಮುಚ್ಚುತ್ತದೆ. ಆರು ತಿಂಗಳ ಮಟ್ಟಿಗೆ ಆ ವಿಷಯವೂ ಮುಚ್ಚುತ್ತದೆ. ಅಭಿಪ್ರಾಯ ಬಂದಿದೆಯಾ ಇಲ್ಲವಾ ಅಂತ ತಿಳಿದುಕೊಳ್ಳುವ ಒಂದು ಉಪಾಯ ಇದೆ. ಸರ್ಕಾರಕ್ಕೆ ಅನುಕೂಲವಾಗಿದ್ದರೆ ಅದರ ಸಾರಾಂಶ ಅವತ್ತು ಸಂಜೆಯೇ ಟೀವಿಯಲ್ಲಿ ಬರುತ್ತದೆ. ಬರಲಿಲ್ಲವೋ, ಆ ಅಭಿಪ್ರಾಯ ಗೌಪ್ಯ. ಗೌಪ್ಯ ಅಭಿಪ್ರಾಯಕ್ಕೆ ಔಷಧ ಏನೆಂದರೆ ಎರಡನೇ ಅಭಿಪ್ರಾಯ. ಅದೂ ಸರಿಹೋಗದಿದ್ದರೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿ.

ಎಜಿಗೆ ವಿಧಾನಸಭೆಯಲ್ಲಿ ಮಾತಾಡುವ ಹಕ್ಕೂ ಇದೆ. 177ನೇ ವಿಧಿ. ಸದನಕ್ಕೆ ಬರಬಹುದು, ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಹಾಕುವಂತಿಲ್ಲ. ಎಂಥ ಸೊಗಸಾದ ಹಕ್ಕು! ಮತಕ್ಕಾಗಿ ಮಾತಾಡುವವರೇ ತುಂಬಿದ ಮನೆಯಲ್ಲಿ ಮತವಿಲ್ಲದೆ ಮಾತಾಡಬಲ್ಲವರು ಒಬ್ಬರು. ಮಸೂದೆ ಮಂಡನೆ ಆದಾಗ ಇವರು ಎದ್ದು "ಸ್ವಾಮಿ, ಮೂರನೇ ಕಲಂ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ" ಅಂತ ಹೇಳಿದರೆ ಎಷ್ಟು ಚೆಂದ ಅಲ್ವಾ? ಹಾಗೆ ಹೇಳಿದರೆ ನಿಲ್ಲದೇ ಹೋಗುವುದು ಕಲಂ ಒಂದೇ ಅಲ್ಲ ಅನ್ನುವುದು ಅವರಿಗೂ ಗೊತ್ತು. ಹಾಗಾಗಿ ಮಸೂದೆ ಐದು ನಿಮಿಷದಲ್ಲಿ ಗದ್ದಲದ ನಡುವೆ ಪಾಸಾಗುತ್ತದೆ. ಆಮೇಲೆ ಅದೇ ಮೂರನೇ ಕಲಮನ್ನು ಕೋರ್ಟಿನಲ್ಲಿ ಎರಡು ವರ್ಷ ಸಮರ್ಥಿಸುವ ಕೆಲಸ ಇವರ ಹೆಗಲಿಗೇ ಬೀಳುತ್ತದೆ.

ನನಗೆ ಬಹಳ ಇಷ್ಟವಾಗುವುದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 15ನೇ ಸೆಕ್ಷನ್. ಒಬ್ಬ ಮಂತ್ರಿ ವೇದಿಕೆ ಹತ್ತಿ ಹೈಕೋರ್ಟನ್ನು ಬಾಯಿಗೆ ಬಂದಂತೆ ಬೈದರು ಅಂತ ಇಟ್ಟುಕೊಳ್ಳಿ. ಕೋರ್ಟೇ ತಾನಾಗಿ ಕೈಗೆತ್ತಿಕೊಂಡರೆ ಬೇರೆ ಮಾತು. ಇಲ್ಲದಿದ್ದರೆ ಕ್ರಿಮಿನಲ್ ನಿಂದನೆಯ ಅರ್ಜಿಯನ್ನು ಎಜಿ ಹಾಕಬೇಕು, ಅಥವಾ ಸಾಮಾನ್ಯ ಮನುಷ್ಯ ಎಜಿಯ ಲಿಖಿತ ಒಪ್ಪಿಗೆ ತಂದು ಹಾಕಬೇಕು. ಅಂದರೆ ಮಂತ್ರಿಯ ಮೇಲೆ ದೂರು ಕೊಡುವುದಕ್ಕೆ, ಆ ಮಂತ್ರಿ ಇರುವ ಸಂಪುಟವೇ ಆರಿಸಿದ ವಕೀಲರ ಸಹಿ ಬೇಕು. ಪುಕ್ಕಟೆ ದೂರುಗಳು ಕೋರ್ಟಿಗೆ ನುಗ್ಗದ ಹಾಗೆ ಒಂದು ಜರಡಿ ಇರಲಿ ಅಂತ ಈ ವ್ಯವಸ್ಥೆ. ಜರಡಿ ಹಿಡಿದವರನ್ನು ನೇಮಿಸುವುದು ಯಾರು ಅನ್ನುವುದೊಂದು ಸಣ್ಣ ವಿವರ, ಬಿಡಿ.

ಎಜಿ ಒಬ್ಬರೇ ಅಲ್ಲ, ಅವರ ಕೆಳಗೆ ಒಂದು ದಂಡೇ ಇದೆ. ಹೆಚ್ಚುವರಿ ಎಜಿಗಳು, ಸರ್ಕಾರಿ ವಕೀಲರು, ಹೆಚ್ಚುವರಿ ಸರ್ಕಾರಿ ವಕೀಲರು, ಹೈಕೋರ್ಟ್ ಸರ್ಕಾರಿ ಪ್ಲೀಡರ್‌ಗಳು. ಪಂಜಾಬ್, ಹರಿಯಾಣಗಳ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ನೇಮಕಗಳಿಗೆ ಯೋಗ್ಯತೆ ನೋಡುವ ಒಂದು ಪಾರದರ್ಶಕ ಪದ್ಧತಿ ಇರಬೇಕು ಅಂತ ಹೇಳಿತು. ಯೋಗ್ಯತೆ ನೋಡಬೇಕು ಅಂತ ಹೇಳುವುದಕ್ಕೆ ಸುಪ್ರೀಂ ಕೋರ್ಟೇ ಬೇಕಾಯಿತು. ಅಲ್ಲಿಯ ತನಕ ಏನು ನೋಡುತ್ತಿದ್ದರು ಅಂತ ನಾನು ಕೇಳುವುದಿಲ್ಲ, ನೀವೂ ಕೇಳಬೇಡಿ.

ಈ ದಂಡಿನಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಪಾಡು ನೋಡಿದರೆ ನಗು ಬರುವುದಿಲ್ಲ. ಬೆಂಗಳೂರಿನಲ್ಲಿ ವಿಧಾನಸೌಧದ ಎದುರಿಗೇ ಹೈಕೋರ್ಟ್, ನಮ್ಮ ಕೆಂಪು ಅಠಾರಾ ಕಚೇರಿ. ಈ ಕಡೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದಿದೆ, ಆ ಕಡೆ ಆ ಕೆಲಸದ ಮೇಲಿನ ರಿಟ್ ಅರ್ಜಿಗಳು ಕಾದಿವೆ. ನಡುವೆ ಇರುವುದು ಒಂದೇ ರಸ್ತೆ. ಆ ರಸ್ತೆ ದಾಟಲು ಮನುಷ್ಯನಿಗೆ ಒಂದು ಸಿಗ್ನಲ್ ಸಾಕು. ಕಡತಕ್ಕೆ ಸಾಲದು. ವಕೀಲರು ಇಲಾಖೆಗೆ ಕಂಡಿಕೆವಾರು ಉತ್ತರ ಕೇಳಿ ಪತ್ರ ಬರೆಯುತ್ತಾರೆ. ಇಲಾಖೆ ಜಿಲ್ಲೆಗೆ ಬರೆಯುತ್ತದೆ, ಜಿಲ್ಲೆ ತಾಲ್ಲೂಕಿಗೆ ಬರೆಯುತ್ತದೆ, ತಾಲ್ಲೂಕು ಕಚೇರಿ "ಸದರಿ ಕಡತ ಮೇಲಿನ ಕಚೇರಿಯಲ್ಲಿದೆ" ಅಂತ ವಾಪಸ್ ಬರೆಯುತ್ತದೆ. ಇತ್ತ ಕೋರ್ಟಿನಲ್ಲಿ ವಕೀಲರು ಖಾಲಿ ಕೈಯಲ್ಲಿ ನಿಂತು ಬೈಗುಳ ತಿನ್ನುತ್ತಾರೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಪ್ರಜೆ ಎರಡು ತಿಂಗಳ ನೋಟಿಸ್ ಕೊಡಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಹೇಳುತ್ತದೆ. ಸರ್ಕಾರ ಯೋಚಿಸಲಿ, ತಪ್ಪಿದ್ದರೆ ತಿದ್ದಿಕೊಳ್ಳಲಿ ಅನ್ನುವ ಉದಾರ ಉದ್ದೇಶ. ಸರ್ಕಾರ ಆ ಎರಡು ತಿಂಗಳನ್ನು ನೋಟಿಸಿಗೆ ಟಪಾಲು ನಂಬರ್ ಹಾಕುವುದಕ್ಕೆ ಬಳಸಿಕೊಳ್ಳುತ್ತದೆ.

ಸೋತ ಮೇಲೂ ಅವಸರ ಇಲ್ಲ. ಮಧ್ಯಪ್ರದೇಶ ಸರ್ಕಾರ ಒಂದು ಮೇಲ್ಮನವಿಯನ್ನು 663 ದಿನ ತಡವಾಗಿ ಸುಪ್ರೀಂ ಕೋರ್ಟಿಗೆ ತಂದಿತ್ತು. 2020ರ ಅಕ್ಟೋಬರ್‌ನಲ್ಲಿ ಪೀಠ ಸಿಟ್ಟಾಯಿತು. ಇಂಥವನ್ನು ಪೀಠ "ಸರ್ಟಿಫಿಕೇಟ್ ಕೇಸು" ಅಂತ ಕರೆಯಿತು. ಗೆಲ್ಲುವ ಆಸೆ ಯಾರಿಗೂ ಇಲ್ಲ. ಸುಪ್ರೀಂ ಕೋರ್ಟೇ ವಜಾ ಮಾಡಿತು, ನಾವೇನು ಮಾಡೋಣ ಅಂತ ಕಡತದ ಮೇಲೆ ಬರೆದು ಅಧಿಕಾರಿಗಳು ಕೈ ತೊಳೆದುಕೊಳ್ಳಬೇಕು, ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಅಷ್ಟೇ. ಕೋರ್ಟ್ 25,000 ರೂಪಾಯಿ ದಂಡ ಹಾಕಿ, ತಡ ಮಾಡಿದ ಅಧಿಕಾರಿಗಳಿಂದಲೇ ವಸೂಲಿ ಮಾಡಿ ಅಂದಿತು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ನಾಡಕಚೇರಿಯ ಕೆಲಸ ಕೊಟ್ಟ ಕೀರ್ತಿ ನಮ್ಮ ಸರ್ಕಾರಗಳದ್ದು. ಎಜಿ ಕಚೇರಿಯಿಂದ "ಇದು ಮೇಲ್ಮನವಿಗೆ ಯೋಗ್ಯವಲ್ಲ" ಅಂತ ಒಂದು ಸಾಲು ಬರೆಸಿಕೊಂಡು ಅಲ್ಲಿಗೇ ಮುಗಿಸಬಹುದಾದ ಕೇಸುಗಳು ಇವು. ಆದರೆ ಆ ಸಾಲನ್ನು ಬರೆದವರಿಗೂ ಒಪ್ಪಿದವರಿಗೂ ನಾಳೆ ಬೇರೆ ಸರ್ಕಾರ ಬಂದಾಗ "ಎಷ್ಟು ತಗೊಂಡ್ರಿ?" ಅನ್ನುವ ಪ್ರಶ್ನೆ ಕಾದಿರುತ್ತದೆ. ಸೋತರೆ ಯಾರೂ ಏನೂ ಕೇಳುವುದಿಲ್ಲ.

ಇದನ್ನೆಲ್ಲ ನೋಡಿ ನನ್ನದೊಂದು ಸಲಹೆ ಇದೆ. 1949ರಲ್ಲಿ ಅಳಿಸಿದ ಸಾಲನ್ನು ಮರ್ಯಾದೆಯಿಂದ ಸಂವಿಧಾನಕ್ಕೆ ವಾಪಸ್ ಸೇರಿಸಿಬಿಡೋಣ. ಜೊತೆಗೆ ಒಂದೆರಡು ಉಪವಿಧಿ. ಎಜಿಯ ಅಭಿಪ್ರಾಯ ಏನಿರಬೇಕು ಅನ್ನುವುದನ್ನು ಸರ್ಕಾರ ಅಭಿಪ್ರಾಯ ಕೇಳುವ ಪತ್ರದ ಜೊತೆಗೇ ಲಗತ್ತಿಸತಕ್ಕದ್ದು. ಮಂತ್ರಿಗಳು ಉತ್ತರ ಕೊಡಲು ಇಷ್ಟಪಡದ ಪ್ರಶ್ನೆಗಳನ್ನೆಲ್ಲ ಎಜಿಯ ಪರಿಶೀಲನೆಯಲ್ಲಿವೆ ಎಂದು ಭಾವಿಸತಕ್ಕದ್ದು. ಸರ್ಕಾರ ಬದಲಾದ ದಿನ ಬಾಕಿ ಇರುವ ಕೇಸುಗಳಲ್ಲಿ ರಾಜ್ಯದ ವಾದ ತಾನಾಗಿಯೇ ತಲೆಕೆಳಗಾಗತಕ್ಕದ್ದು, ಅದಕ್ಕೆ ಪ್ರತ್ಯೇಕ ಮೆಮೊ ಬೇಕಿಲ್ಲ.

ಇಂಥದ್ದಕ್ಕೆ ಮೊದಲು ಕಾನೂನು ಇಲಾಖೆ ನೋಡಬೇಕು, ಆಮೇಲೆ ಎಜಿ ಅಭಿಪ್ರಾಯ ಬೇಕು. ಅದು ಹೇಗೆ ಬರುತ್ತದೆ ಅಂತ ಈಗಲೇ ಹೇಳಬಲ್ಲೆ. ವಿಷಯ ತಮ್ಮದೇ ಹುದ್ದೆಗೆ ಸಂಬಂಧಿಸಿದ್ದು, ತಾವೇ ಅಭಿಪ್ರಾಯ ಕೊಡುವುದು ಔಚಿತ್ಯವಲ್ಲ, ಆದ್ದರಿಂದ ದೆಹಲಿಯ ಹಿರಿಯ ವಕೀಲರೊಬ್ಬರನ್ನು ಕೇಳುವುದು ಒಳಿತು. ಸರ್ಕಾರ ಕೂಡಲೇ ಒಪ್ಪುತ್ತದೆ. ಸ್ವಂತ ಎಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡ ಕೇಸುಗಳಿಗೆ ದೆಹಲಿಯಿಂದ ವಕೀಲರನ್ನು ಕರೆಸುವುದು ನಮಗೇನು ಹೊಸದಾ? ಹಿರಿಯರ ಫೀಸು ದಿನದ ಲೆಕ್ಕ, ವಿಮಾನ ಬೇರೆ, ಹೋಟೆಲ್ ಬೇರೆ. ಅಷ್ಟು ಫೀಸು ಕೊಡಬಹುದೇ ಅಂತ ಹಣಕಾಸು ಇಲಾಖೆ ಒಂದು ಆಕ್ಷೇಪಣೆ ಎತ್ತುತ್ತದೆ, ಮತ್ತು ಈ ಬಗ್ಗೆ ಎಜಿ ಅಭಿಪ್ರಾಯ ಪಡೆಯಿರಿ ಅಂತ ಕಡತದ ಮೇಲೆ ಬರೆಯುತ್ತದೆ.