ಒಣಗದ ಯೂನಿಫಾರ್ಮ್

ಮಡಿಕೇರಿಯಲ್ಲಿ ಜುಲೈ ತಿಂಗಳು ಬಟ್ಟೆ ಮೂರು ದಿನವಾದರೂ ಒಣಗಲ್ಲ. ನರ್ಸಿಂಗ್ ಹಾಸ್ಟೆಲ್ ಹುಡುಗಿಯರು ಹಸಿ ಯೂನಿಫಾರ್ಮ್ ಮೇಲೆಯೇ ಇಸ್ತ್ರಿ ಎಳೆದು, ಹಬೆ ಆಡುತ್ತಿರುವಾಗಲೇ ಹಾಕಿಕೊಂಡು ವಾರ್ಡಿಗೆ ಓಡುತ್ತಾರೆ. ಕರೆಂಟ್ ಹೋದರೆ ಅದೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ನರ್ಸಿಂಗ್ ಸ್ಕೂಲಿನಲ್ಲಿ ಟ್ಯೂಟರ್ ಆಗಿದ್ದೆ. ಅಂಥದ್ದೇ ಒಂದು ಬೆಳಿಗ್ಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದ ಹುಡುಗಿಗೆ ರೋಗಿಗಳ ಎದುರಿಗೇ ಬೈದೆ. ಸುಕ್ಕು ಸುಕ್ಕು ಯೂನಿಫಾರ್ಮ್, ಕೆಸರು ಮೆತ್ತಿದ ಬಿಳಿ ಶೂ. "ನರ್ಸ್ ಆಗೋ ಲಕ್ಷಣವಾ ಇದು?" ಅಂದೆ. ಸಿದ್ದಾಪುರದ ಕಡೆ ತೋಟದ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲುಮನೆಯ ಹುಡುಗಿ. ಸುಮ್ನೆ ತಲೆ ತಗ್ಗಿಸಿ ನಿಂತಳು. ಪಕ್ಕದ ಬೆಡ್ಡಿನ ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು.

ಅದೇ ವಾರ ಅವಳ ಬೆರಳಿಗೆ ಸೂಜಿ ಚುಚ್ಚಿತು. ಇಂಜೆಕ್ಷನ್ ಕೊಟ್ಟಾದ ಮೇಲೆ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿದ್ದಳು. ಹಾಗೆ ಹಾಕಬಾರದು ಅಂತ ಪಾಠ ಮಾಡಿದವಳು ನಾನೇ. ಅದಕ್ಕೇ ನನಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ರೂಂಮೇಟ್ ಬಾಯಿಬಿಟ್ಟಳು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ನಾವು ಲೆಕ್ಕ ಹಾಕುವಾಗ 50 ಗಂಟೆ ಕಳೆದಿತ್ತು. ರೋಗಿಯ ರಕ್ತ ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಪುಣ್ಯ.

"ಯಾಕಮ್ಮಾ ಹೇಳಲಿಲ್ಲ?"

"ನೀವು ಬೈತೀರಾ ಅಂತ, ಮ್ಯಾಮ್."

ಬೈದ ದಿನದ ಇನ್ನೊಂದು ವಿಷಯ ಹೇಳಬೇಕು. ಬೆಳಿಗ್ಗೆ ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನೂ ಎಲ್ಲರೆದುರು ನಿಲ್ಲಿಸಿದ್ದರು. ಅಡ್ಮಿಷನ್ ಎಷ್ಟು ತಂದಿರಿ ಅಂತ! ಹೌದು, ಪಾಠ ಮಾಡುವವರಿಗೆ ಅಡ್ಮಿಷನ್ ಟಾರ್ಗೆಟ್. ಬೇಸಿಗೆಯಲ್ಲಿ ಪಿಯು ಕಾಲೇಜು, ಆದಿವಾಸಿಗಳ ಹಾಡಿ, ಗಡಿ ದಾಟಿ ಕೇರಳ ಅಂತ ಪಾಂಪ್ಲೆಟ್ ಹಿಡಿದು ಅಲೆಯಬೇಕು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ 10 ವಿದ್ಯಾರ್ಥಿಗಳಿಗೆ ಒಬ್ಬ ಟೀಚರ್ ಇರಬೇಕು. ಅವತ್ತು ವಾರ್ಡಿನಲ್ಲಿ ನನ್ನ ಜೊತೆ ಇದ್ದವರು 26. ಇನ್‌ಸ್ಪೆಕ್ಷನ್ ದಿನ ಮಾತ್ರ ಎಲ್ಲಿಂದಲೋ ಟೀಚರ್‌ಗಳು ಪ್ರತ್ಯಕ್ಷ ಆಗುತ್ತಿದ್ದರು, ಅದು ಬೇರೆಯೇ ಕಥೆ. ಮೇ 12ಕ್ಕೆ, ನರ್ಸ್‌ಗಳ ದಿನ ಅಂತ, ದೀಪ ಹಚ್ಚಿ ನಮ್ಮನ್ನು ದೇವತೆಗಳು ಅನ್ನುತ್ತಾರೆ. ದೇವತೆಗಳಿಗೆ ಸಂಬಳ ಬೇಡವೇನೋ!

ಮೀಟಿಂಗಿನಲ್ಲಿ ತಿಂದ ಬೈಗುಳವನ್ನು ನಾನು ಆ ಹುಡುಗಿ ಮೇಲೆ ತೀರಿಸಿಕೊಂಡೆ. ಇದನ್ನು ನನಗೆ ನಾನೇ ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

"ನಮ್ಮ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಬೈತಿದ್ರು, ಅದಕ್ಕೇ ಗಟ್ಟಿಯಾದ್ವಿ" ಅನ್ನುವ ಹಿರಿಯರಿದ್ದಾರೆ. ಗಟ್ಟಿಯಾಗಿದ್ದೇವೆ, ನಿಜ. ತಪ್ಪು ಮುಚ್ಚಿಡೋದನ್ನೂ ಆಗಲೇ ಕಲಿತದ್ದು, ಅಲ್ವಾ? ಶಿಸ್ತು ಬೇಡ ಅಂತಿಲ್ಲ. ಡೋಸ್ ತಪ್ಪಿದರೆ ಗದರಲೇಬೇಕು, ಆದರೆ ಮೊದಲು ರೋಗಿಯನ್ನು ನೋಡಿ, ಆಮೇಲೆ ರೂಮಿಗೆ ಕರೆದು. ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ "ಒತ್ತಡ ನಿರ್ವಹಣೆ" ಭಾಷಣ ಕೊಡಿಸುವುದಕ್ಕಿಂತ ಸಂಬಳ ಒಂದನೇ ತಾರೀಖಿಗೆ ಹಾಕಲಿ. ಒತ್ತಡ ಅರ್ಧ ಇಳಿಯುತ್ತದೆ.

ಈಗ ಕೆಲಸ ಮಾಡುತ್ತಿರುವ ಕಡೆ ಮುಂದಿನ ವಾರ ಮೀಟಿಂಗ್ ಇದೆ. ಮಳೆಗಾಲಕ್ಕೆ ಹಾಸ್ಟೆಲ್‌ನಲ್ಲಿ ಬಟ್ಟೆ ಒಣಗಿಸಲು ಒಂದು ಕೋಣೆ, ಒಂದು ಹೀಟರ್ ಕೇಳಬೇಕು ಅಂತಿದ್ದೇನೆ. ಅವರು ಅಡ್ಮಿಷನ್ ಲೆಕ್ಕ ತೆಗೆಯುವ ಮೊದಲೇ.