ಬೇರು ಪರೀಕ್ಷಕರು

"ಬೇರು ಬಿಟ್ಟಿದೆಯಾ ಅಂತ ನೋಡ್ತಿದ್ದೆ, ಅಷ್ಟೇ!" ಸ್ಟ್ರಾಬೆರಿ ಮರಿಯೊಂದನ್ನು ಬಾಲ ಹಿಡಿದ ಇಲಿಯ ಹಾಗೆ ಎರಡು ಬೆರಳಲ್ಲಿ ನೇತಾಡಿಸುತ್ತಾ ಇವರು ಹೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ರನ್ನರ್ ಎಂಬ ಹರಿದಾಡುವ ಬಳ್ಳಿಯಿಂದ ಮರಿ ಮಾಡುವುದು ಮಹಾ ವಿದ್ಯೆಯೇನಲ್ಲ. ಹಗಲು ಉದ್ದವಾಗಿ ಬಿಸಿಲೇರಿದಾಗ ತಾಯಿಗಿಡ ತಾನಾಗಿಯೇ ಬಳ್ಳಿ ಚಾಚುತ್ತದೆ. ಮೊದಲ ಗೆಣ್ಣು ಸಾಮಾನ್ಯವಾಗಿ ಸೋಮಾರಿ. ಮರಿ ಮೂಡುವುದು ಎರಡನೆಯದರಲ್ಲಿ. ಅದರ ಕೆಳಗೊಂದು ಪುಟ್ಟ ಕುಂಡ ಇಟ್ಟು, ಸುಳಿ ಹೂತುಹೋಗದಂತೆ ಮಣ್ಣಿನ ಮೇಲೆ ಕೂರಿಸಿ, ಬಳ್ಳಿಯನ್ನು ಪಿನ್ನಿನಿಂದ ಅದುಮಿದರಾಯಿತು. ನನ್ನ ಹೇರ್‌ಪಿನ್ನುಗಳೆಲ್ಲ ಕುಂಡ ಸೇರಿವೆ; ನಾನು ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದೇನೆ. ಆಮೇಲಿನ ಕೆಲಸ ಒಂದೇ: ಮೂರ್ನಾಲ್ಕು ವಾರ ಮಣ್ಣು ಒಣಗದಂತೆ ನೋಡಿಕೊಂಡು ಸುಮ್ಮನಿರುವುದು.

ಸುಮ್ಮನಿರುವುದು ಇವರ ಜಾತಕದಲ್ಲೇ ಬರೆದಿಲ್ಲ. ಬೆಳಿಗ್ಗೆ ಎದ್ದವರೇ ಕುಂಡಗಳ ಮುಂದೆ ಹಾಜರು. ಬಾಯಲ್ಲಿ ಬ್ರಷ್ಷು, ಕೈ ಮರಿಯ ಮೇಲೆ. ಮೆಲ್ಲಗೆ ಎಳೆಯುತ್ತಾರೆ. ಬರಲಿಲ್ಲವೋ, "ಹ್ಞಾಂ, ಹಿಡ್ಕೊಂಡಿದೆ" ಎನ್ನುತ್ತಾ ಖಾತ್ರಿಗೆಂದು ಇನ್ನೊಂಚೂರು ಜೋರಾಗಿ ಎಳೆಯುತ್ತಾರೆ. ಬಂತೋ, "ಇನ್ನೂ ಇಲ್ಲ" ಎಂದು ತೀರ್ಪು ಕೊಟ್ಟು, ಇದ್ದ ಎಳೆಬೇರನ್ನೂ ಮುರಿದುಕೊಂಡ ಆ ಪಾಪದ ಮರಿಯನ್ನು ಸುಳಿ ಮುಚ್ಚುವಷ್ಟು ಆಳಕ್ಕೆ ತುರುಕುತ್ತಾರೆ. ಸಂಜೆ ಮರುತಪಾಸಣೆ. ಫೋನಿನಲ್ಲಿ ಮಾತಾಡುವಾಗಂತೂ ಲೆಕ್ಕಕ್ಕಿಲ್ಲ. ಮಾತು ರಂಗೇರಿದಷ್ಟೂ ಎಳೆತ ಜಾಸ್ತಿ.

"ಕುಂಡದ ತಳದ ತೂತಲ್ಲಿ ಬೇರು ಇಣುಕುತ್ತೆ ರೀ, ಅಲ್ಲಿ ನೋಡಿ" ಎಂದೆ.

"ಅಷ್ಟೊತ್ತಿಗೆ ತಡ ಆಗಿರುತ್ತೆ."

ಯಾತಕ್ಕೆ ತಡ? ದೇವರೇ ಬಲ್ಲ.

1714ರಲ್ಲಿ ಫ್ರೆಝಿಯೆ ಎಂಬ ಫ್ರೆಂಚ್ ಎಂಜಿನಿಯರ್ ಚಿಲಿಯಿಂದ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಿಂಗಳುಗಟ್ಟಲೆ ಜೋಪಾನ ಮಾಡಿ ಫ್ರಾನ್ಸಿಗೆ ಒಯ್ದ. ಆ ತಳಿ ಉತ್ತರ ಅಮೆರಿಕದ ವರ್ಜೀನಿಯಾ ತಳಿಯೊಂದಿಗೆ ಕೂಡಿದ್ದರಿಂದಲೇ ಇಂದಿನ ದಪ್ಪ ಹಣ್ಣು ಹುಟ್ಟಿದ್ದು. ಪುಣ್ಯಕ್ಕೆ ಆ ಹಡಗಿನಲ್ಲಿ ನಮ್ಮನೆಯವರು ಇರಲಿಲ್ಲ.

ಹೇಗೋ ಇವರ ಕೈ ತಪ್ಪಿಸಿಕೊಂಡು ಕೆಲವು ಮರಿಗಳು ಬೇರೂರಿವೆ. ಇನ್ನು ಬಳ್ಳಿ ಕತ್ತರಿಸಬೇಕು. ಕತ್ತರಿ ಹಿಡಿದರೆ ಯಾಕೋ ಮನಸ್ಸು ಹಿಂಜರಿಯುತ್ತದೆ. ಬೀಜದಿಂದ ಬಂದದ್ದು ತಾಯಿಯನ್ನೇ ಹೋಲಬೇಕೆಂದಿಲ್ಲ, ಆದರೆ ಈ ಮರಿ ಅಚ್ಚು ತಾಯಿಯೇ. ಅವಳಿಗೆ ವೈರಸ್ ಇದ್ದರೆ ಅದನ್ನೂ ಹೊತ್ತು ಬರುವಷ್ಟು. ಮೂರ್ನಾಲ್ಕು ವರ್ಷಕ್ಕೆ ತಾಯಿ ಸೊರಗುತ್ತಾಳೆ. ಅಷ್ಟರಲ್ಲಿ ತನ್ನನ್ನೇ ಇಷ್ಟು ಕಡೆ ನೆಟ್ಟು ಹೋಗಬೇಕೆಂಬ ಅವಸರ ಅವಳದ್ದು. ಮರಿಗಳೂ ಕಮ್ಮಿಯಿಲ್ಲ, ನೆಲ ಕಚ್ಚುವ ಮೊದಲೇ ತಮ್ಮದೊಂದು ಬಳ್ಳಿ ಮುಂದಕ್ಕೆ ಬಿಟ್ಟಾಗಿದೆ.

ನಿನ್ನೆ ಒಂದು ಮರಿಯಲ್ಲಿ ಮೊಗ್ಗು ಕಂಡಿತು. ಬೇರಿಗೆ ಬಲ ಬರಲಿ, ಈ ಸಲದ ಹೂವು ಚಿವುಟಬೇಕು ಎಂದೆ. ಇವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೇಬಿಟ್ಟರು.

"ಅಯ್ಯೋ, ಎಳೇ ಗಿಡ ಕಣೇ! ಅದನ್ನ ಮುಟ್ಟೋಕೆ ನಿನಗೆ ಹೇಗೆ ಮನಸ್ಸು ಬರುತ್ತೆ?"